ಬಚ್ಚಲ ನೀರಿನ ಬಾಳೆ

ಸೀಮೆಎಣ್ಣೆ ಡಬ್ಬದ ತಳಕ್ಕೆ ಮೊಳೆಯಿಟ್ಟು ಗುಂಡುಕಲ್ಲಿನಿಂದ ಕುಟ್ಟುತ್ತಾ ಕೂತಿದ್ದೆ. ತಳದಲ್ಲಿ ನೀರಿಳಿಯುವಷ್ಟು ತೂತಾದರೆ ದೊಡ್ಡಪತ್ರೆ ನೆಡಲು ಕುಂಡ ಸಿದ್ಧ. ಆಗ ಉತ್ತರಹಳ್ಳಿಯ ಸೊಪ್ಪಿನಾಕೆ ಹಿತ್ತಲಿಗೆ ಬಂದು, ಬುಟ್ಟಿಯನ್ನು ಒಗೆಯುವ ಕಲ್ಲಿನ ಮೇಲಿಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು:

"ಅಲ್ಲಾ ಕಣ್ರವ್ವಾ, ಇಷ್ಟೊಂದ್ ಬಾಳೆ ಇಟ್ಕಂಡು ನಂಗ್ಯಾಕೆ ಎಲೆ ತರಾಕೆ ಹೇಳವ್ರೆ, ಮುಂದ್ಲ ಮನೆಯವ್ರು?"

"ಯಾವ ಎಲೆ?"

"ಬಾಳೆ ಎಲೆ. ನಾಳಿದ್ದು ನಿಮ್ಮ ಮಾವ್ನೋರ ತಿಥಿಯಂತಲ್ಲ. ಕುಡಿ ಎಲೆ ಒಂದ್ ಕಟ್ಟು, ಬಾಳೆಕಾಯಿ ಒಂದ್ ಚಿಪ್ಪು. ಅಡಿಗೆಗೂ ಬಸವನಗುಡಿ ಕಡೆಯಿಂದ ಯಾರೋ ಬತ್ತಾರಂತೆ. ನೀವು ಒಲೆ ಮುಟ್ಟಂಗಿಲ್ವಂತೆ. ಯಾಕವ್ವಾ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ," ಅಂದೆ. ಮೊಳೆಗೆ ಬೀಳಬೇಕಾದ ಕಲ್ಲು ಹೆಬ್ಬೆರಳ ಮೇಲೆ ಬಿತ್ತು.

ಮುಂದಿನ ಮನೆಯವರೆಂದರೆ ಬೇರೆ ಯಾರೂ ಅಲ್ಲ, ನನ್ನ ಓರಗಿತ್ತಿ; ನನ್ನ ಯಜಮಾನರ ಅಣ್ಣನ ಹೆಂಡತಿ. ಎದುರಿಗೆ ಅಕ್ಕ ಅಂತಲೇ ಕರೆದೆ, ಕಡೆಯವರೆಗೂ ಕರೆದೆ. ಬರೆಯುವಾಗ ಮಾತ್ರ ಬಹುವಚನ ಬರುವುದಿಲ್ಲ. ನಾನು ಬರಿಸಿಕೊಳ್ಳುವುದೂ ಇಲ್ಲ.

ಜಯನಗರ ಇನ್ನೂ ಆಗ ತಾನೇ ಹುಟ್ಟುತ್ತಿದ್ದ ಕಾಲ. ಭಾವನವರು ಸೈಟು ಹಿಡಿದು ಮನೆ ಕಟ್ಟಿಸಿದ್ದರು. ಮುಂಭಾಗದಲ್ಲಿ ಅವರು ಮತ್ತು ನಮ್ಮ ಅತ್ತೆ. ಹಿಂದೆ ಎರಡು ಕೋಣೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ಒಂದು ಬಚ್ಚಲು, ಅಲ್ಲಿ ನಾವು. ಮಾವನವರು ಹೋದ ಮೊದಲ ವರ್ಷದಿಂದಲೂ ತಿಥಿಯ ಅಡಿಗೆ ನನ್ನದೇ. ಆ ಒಂದು ದಿನ ಒದ್ದೆ ಸೀರೆ ಉಟ್ಟು ಮುಂದಿನ ಮನೆಯ ಒಲೆಯೆದುರು ಕೂತಾಗಷ್ಟೇ ನಾನು ಆ ಮನೆಯ ಸೊಸೆ. ಮಿಕ್ಕ ದಿನವೆಲ್ಲ ನಾನು ಹಿಂದಿನ ಮನೆಯವಳು. ತಿಥಿಯ ಒಲೆಯಿಂದ ಎಬ್ಬಿಸಿದರೆ ಗೌರಿಹಬ್ಬದ ಒಲೆಯಿಂದ ಎಬ್ಬಿಸುವುದು ಇನ್ನೂ ಸುಲಭ. ಆಮೇಲೆ ದೇವರ ಮನೆಯ ಹೊಸ್ತಿಲು. ಆಕೆಯ ಲೆಕ್ಕ ಹೇಗೆ ಸಾಗುತ್ತದೆಂದು ನನಗೆ ಗೊತ್ತಿತ್ತು.

ಆಕೆಗೆ ನನ್ನ ಹಿತ್ತಲು ಕಂಡರಾಗದು. ಮನೆ ಕಟ್ಟಿ ಮಿಕ್ಕಿದ್ದ ನಾಡಹೆಂಚು ಗೋಡೆ ಪಕ್ಕ ಬಿದ್ದಿತ್ತು. ಅವನ್ನು ಒಂದರ ಬಾಯಿಗೊಂದು ಕೊಟ್ಟು, ಬಚ್ಚಲ ತೂಬಿನಿಂದ ಹಿತ್ತಲ ಮೂಲೆಯವರೆಗೆ ಕಾಲುವೆ ಮಾಡಿದ್ದೆ. ನಡುವೆ ಒಂದು ಗುಂಡಿ. ತಳಕ್ಕೆ ಒಡೆದ ಇಟ್ಟಿಗೆ, ಮೇಲೆ ಜಲ್ಲಿ, ಅದರ ಮೇಲೆ ಹಂಡೆ ಒಲೆಯ ಇದ್ದಲು, ಎಲ್ಲಕ್ಕಿಂತ ಮೇಲೆ ಮರಳು. ನೀರು ಅದರಲ್ಲಿ ಇಂಗಿ, ಸೋಸಿ, ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಮರಳು ಜಿಡ್ಡುಗಟ್ಟಿದಾಗ ಮೇಲಿನ ಪದರ ಕೆರೆದು ಬಿಸಿಲಿಗೆ ಹರಡುತ್ತಿದ್ದೆ. ಬಟ್ಟೆ ಒಗೆದ ಸೋಪಿನ ನೀರು ಆ ಕಡೆ ಹೋಗದಂತೆ ಒಂದು ಕಲ್ಲು ಅಡ್ಡ ಇಟ್ಟಿದ್ದೆ, ಬೇರು ಸುಡುತ್ತದೆಂದು. ಅಕ್ಕಿ ತೊಳೆದ ನೀರು ಬದನೆಗೆ, ಹುಳಿ ಮಜ್ಜಿಗೆ ಕರಿಬೇವಿಗೆ, ಒಲೆಯ ಬೂದಿಯಲ್ಲಿ ಅರ್ಧ ಪಾತ್ರೆಗೆ, ಅರ್ಧ ಸೊಪ್ಪಿನ ಮಡಿಗೆ. ಹರಿದ ಸೀರೆ ಜಡೆ ಹೆಣೆದು ಸುತ್ತಿ ಹೊಲಿದರೆ ಕಾಲೊರಸು. ನಲ್ಲಿಯಲ್ಲಿ ನೀರು ಬೆಳಗ್ಗೆ ಮಾತ್ರ ಬರುತ್ತಿದ್ದ ಆ ಬಡಾವಣೆಯಲ್ಲಿ ನನ್ನ ಬಾಳೆ ಬೇಸಿಗೆಯಲ್ಲೂ ಹಸಿರಾಗಿ ನಿಂತಿತ್ತು. ಬನಶಂಕರಿ ಅಮ್ಮ ಕೊಟ್ಟ ಭಾಗ್ಯ ಅಂದುಕೊಂಡು ದಿನವೂ ಕೈ ಮುಗಿಯುತ್ತಿದ್ದೆ.

ಓರಗಿತ್ತಿಗೆ ಮುಂದೆ ಕ್ರೋಟನ್ ಗಿಡಗಳು ಬೇಕಿದ್ದವು, ಇಟ್ಟುಕೊಂಡಿದ್ದಳು. ಹಿಂದೆಯೂ ಸಿಮೆಂಟು ಬಳಿದು ಕುರ್ಚಿ ಹಾಕಿಕೊಳ್ಳುವ ಆಸೆ. ಯಾರಾದರೂ ಹೆಂಗಸರು ಬಂದರೆ ನನಗೆ ಕೇಳುವ ಹಾಗೆ, "ಹಿಂದೆ ಹೋಗ್ಬೇಡಿ, ಅಲ್ಲಿ ನಮ್ಮ ಗುಜರಿ ಅಂಗಡಿ ಇದೆ," ಅನ್ನುತ್ತಿದ್ದಳು.

ಸೊಪ್ಪಿನಾಕೆ ಹೋದ ಮೇಲೆ ಒಳಗೆ ಹೋಗಿ ಯಜಮಾನರಿಗೆ ಹೇಳಿದೆ. ಅವರು ಆಫೀಸಿಗೆ ಹೊರಟು ಶರಟಿನ ಗುಂಡಿ ಹಾಕುತ್ತಿದ್ದರು.

"ಅತ್ತಿಗೆ ಹೇಳಿದಾರೆ ಅಂದ್ಮೇಲೆ ಬಿಡು. ನಿಂಗೂ ಒಂದು ದಿನ ವಿಶ್ರಾಂತಿ."

"ನಿಮ್ಮಪ್ಪನ ತಿಥಿಗೆ ನಂಗೆ ವಿಶ್ರಾಂತಿನಾ?"

"ಬೆಳಗ್ಗೆ ಬೆಳಗ್ಗೆ ಶುರು ಮಾಡ್ಬೇಡ ಮಾರಾಯ್ತಿ," ಅಂದು ಕೊಡೆ ತೆಗೆದುಕೊಂಡು ಹೋದರು. ಕುಡಿಯುವವರಲ್ಲ, ಹೊಡೆಯುವವರಲ್ಲ, ಅಷ್ಟಕ್ಕೆ ದೇವರಿಗೆ ದೀಪ ಹಚ್ಚಬೇಕು. ಬೆನ್ನುಮೂಳೆ ಕೇಳಿದರೆ ಅತಿಯಾಸೆಯಾಗುತ್ತದೆ.

ಹೊರಗೆ ಬಂದಾಗ ಓರಗಿತ್ತಿ ಕಾಲುವೆಯ ಪಕ್ಕದಲ್ಲೇ ನಿಂತು, ಮೂಗಿಗೆ ಸೆರಗು ಹಿಡಿದಿದ್ದಳು. ವಾಸನೆ ಏನೂ ಇರಲಿಲ್ಲ. ಇದ್ದಿದ್ದರೆ ಎಲ್ಲರಿಗಿಂತ ಮೊದಲು ನನಗೇ ತಿಳಿಯುತ್ತಿತ್ತು.

"ಎಲೆ ಹೊರಗಿಂದ ತರಿಸ್ತೀರಂತೆ ಅಕ್ಕ," ಅಂದೆ.

"ಹೂಂ ಮತ್ತೆ. ಬಚ್ಚಲು ನೀರು ಕುಡಿದ ಬಾಳೆ ಎಲೇಲಿ ಪಿತೃಗಳಿಗೆ ಬಡಿಸೋಕಾಗುತ್ತೇನೇ? ದಿನಾ ಆ ಕೊಚ್ಚೇಲಿ ಕೈ ಆಡಿಸ್ತೀಯ. ಅದೇ ಕೈಲಿ ತಿಥಿ ಅಡಿಗೆ ಬೇರೆ!"

"ಇಷ್ಟು ವರ್ಷ ಇದೇ ಕೈಲಿ ಮಾಡಿದ್ದು ತಿಂದ್ರಲ್ಲ."

"ಗೊತ್ತಿಲ್ದೆ ತಿಂದ್ವಿ. ಮೊನ್ನೆ ನಮ್ಮ ತಂಗಿ ಬಂದೋಳು ನೋಡಿ ಹೇಳಿದ್ಮೇಲೆ ಹೊಟ್ಟೆ ತೊಳೆಸ್ತು."

"ನಿಮ್ಮ ತಂಗಿ ಇಲ್ಲಿಂದ್ಲೇ ಒಂದು ಗೊನೆ ಹೊತ್ಕೊಂಡು ಹೋದ್ರು. ಆವಾಗ ತೊಳೆಸ್ಲಿಲ್ವಾ?"

"ನಾಲಿಗೆ ಉದ್ದ ಆಯ್ತು ನಿಂಗೆ. ಚೊಕ್ಕಟವಾಗಿ ಕ್ರೋಟನ್ ಹಾಕು ಅಂತ ಎಷ್ಟು ಸಲ ಹೇಳಿದೀನಿ?"

"ಹಾಕ್ತೀನಿ ಬಿಡಿ. ನಾಳಿದ್ದು ಕ್ರೋಟನ್ ಎಲೆ ಮೇಲೇ ಬಡಿಸೋಣ."

ಆಕೆಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ನನಗೆ ಹಿತವಾಯಿತು. ಹಾಗೆ ಹಿತವಾಗಬಾರದು ಎಂದು ಪುರಾಣ ಹೇಳುವವರು ಹೇಳುತ್ತಾರೆ. ಅವರಿಗೆ ಇಂಥ ಓರಗಿತ್ತಿ ಇರಲಿಲ್ಲ.

ನಮ್ಮ ಜೋರು ದನಿ ಕೇಳಿ ಅತ್ತೆ ಮುಂದಿನ ಮನೆಯ ಹಿಂಬಾಗಿಲಿಗೆ ಬಂದರು. ಮಡಿಯಲ್ಲಿದ್ದರು. ಗಳುವಿನ ಮೇಲೆ ಒಣಹಾಕಿದ್ದ ಮಡಿಬಟ್ಟೆಯನ್ನು ಕೋಲಿನಿಂದ ಸರಿಪಡಿಸುತ್ತಾ, ನಮ್ಮಿಬ್ಬರನ್ನೂ ನೋಡದೆ, "ಏನದು ಸಂತೆ?" ಅಂದರು. ನಮ್ಮ ಅತ್ತೆ ಯಾರನ್ನೂ ಮುದ್ದು ಮಾಡಿದವರಲ್ಲ. ನನ್ನ ಬಗ್ಗೆಯೂ ಅವರಿಗೆ ಪ್ರೀತಿ ಇರಲಿಲ್ಲ, ನನಗೂ ಇರಲಿಲ್ಲ. ಆದರೆ ತಿಥಿಯಲ್ಲಿ ಅವರ ಮಾತೇ ಮಾತು.

"ಅಮ್ಮ, ಅಡಿಗೆಗೆ ಹೊರಗಿನವರಂತೆ. ನೀವು ಒಪ್ಪಿದೀರಾ?"

"ದೊಡ್ಡವಳು ಹೇಳಿದ್ಲು, ಹೂಂ ಅಂದೆ. ನಿನ್ನ ಬಾಳೆ ಬಚ್ಚಲು ನೀರು ಕುಡಿಯುತ್ತೆ ಅಂದ್ಲು. ಹೌದೋ ಅಲ್ವೋ?"

"ಹೌದು. ಯಾರ ಸ್ನಾನದ ನೀರು ಅಂತ ಅಕ್ಕ ಹೇಳಿದ್ರಾ?"

ಕೋಲು ನಿಂತಿತು. ತನ್ನ ದೂರು ಗೆದ್ದಿತೆಂದು ಓರಗಿತ್ತಿ ಆಗಲೇ ನಗುತ್ತಿದ್ದಳು.

ಆ ಹೊಸ ಮನೆಯ ಮುಂಭಾಗದಲ್ಲಿ ಬಚ್ಚಲಿಗೂ ಕಕ್ಕಸಿಗೂ ಒಂದೇ ಗೋಡೆ, ಒಂದೇ ಬಾಗಿಲು. ಭಾವನವರು ಅದನ್ನು ಹೆಮ್ಮೆಯಿಂದ ಕಟ್ಟಿಸಿದ್ದರು. ಗೃಹಪ್ರವೇಶದ ದಿನವೇ ಅತ್ತೆ ಒಳಗೆ ಇಣುಕಿ, "ಇದರಲ್ಲಿ ಸ್ನಾನ ಮಾಡಿ ಮಡಿ ಉಡೋದಾ? ನಾನು ಸತ್ತ ಮೇಲೆ ಬೇಕಾದ್ರೆ ಇಲ್ಲಿ ನನ್ನ ಹೆಣ ತೊಳೀರಿ," ಎಂದು ಹೇಳಿ ಹಿಂದಿನ ಬಚ್ಚಲಿಗೆ ಬಂದುಬಿಟ್ಟರು. ಅಂದಿನಿಂದ ಬೆಳಗಿನ ಮೊದಲ ಸ್ನಾನ ಅಲ್ಲಿ ಅವರದೇ. ಹಂಡೆಗೆ ಉರಿ ಹಾಕುತ್ತಿದ್ದವಳು ನಾನು. ಮುಂದಿನ ಮನೆಯ ಬಚ್ಚಲಿನ ಒಂದು ಹನಿ ನೀರೂ ನನ್ನ ಕಾಲುವೆಗೆ ಬರುತ್ತಿರಲಿಲ್ಲ. ದೂರು ಹೇಳುವ ಭರದಲ್ಲಿ ಓರಗಿತ್ತಿ ಅದನ್ನೇ ಮರೆತಿದ್ದಳು.

"ಗಂಗೆ ಯಮುನೆ ಕಾವೇರಿ ಎಲ್ಲರನ್ನೂ ಕರೆದು ತಲೆ ಮೇಲೆ ಸುರ್ಕೋತೀರಲ್ಲಮ್ಮ," ಅಂದೆ. "ಆ ನೀರೇ ಬಾಳೆಗೆ ಹೋಗೋದು. ನನ್ನದು, ನಿಮ್ಮ ಮಗನದು ಆಮೇಲೆ ಸೇರುತ್ತೆ."

ಓರಗಿತ್ತಿ ಸುಮ್ಮನಿರಬಹುದಿತ್ತು. ಸುಮ್ಮನಿರುವುದು ಆಕೆಗೆ ಬಂದಿದ್ದರೆ ನನ್ನ ಅರ್ಧ ಆಯುಸ್ಸು ನೆಮ್ಮದಿಯಾಗಿ ಕಳೆಯುತ್ತಿತ್ತು.

"ಯಾರದಾದ್ರೇನು? ಮೈ ತೊಳೆದ ನೀರು ಮೈಲಿಗೆನೇ," ಅಂದಳು.

"ಏನಂದೆ?" ಅತ್ತೆ ಆಕೆಯ ಕಡೆ ತಿರುಗಿದರು. "ನನ್ನ ಮೈಯಿಂದ ಇಳಿದಿದ್ದು ಮೈಲಿಗೆನಾ?"

"ನಿಮ್ಮದಂತಲ್ಲ ಅಮ್ಮ, ನಾನು ಹೇಳಿದ್ದು…"

"ನಾನು ಕಿವುಡಿಯಲ್ಲ. ನಿಮ್ಮ ಮಾವನಿಗೆ ಬಡಿಸುವಾಗ ಮೈಲಿಗೆಯಾಗದ ಮೈ, ಅವರ ತಿಥಿಗೆ ಮೈಲಿಗೆಯಾಯ್ತೇನೇ?"

ನನ್ನ ತುಟಿ ಅರಳಿರಬೇಕು. ಅತ್ತೆಯ ಕೋಲು ನನ್ನ ಕಡೆ ತಿರುಗಿತು.

"ನೀನು ಹಲ್ಲು ಕಿರಿಬೇಡ. ಬಾಯಿ ಮಾಡೋದ್ರಲ್ಲಿ ನೀನೇನು ಕಮ್ಮಿಯಿಲ್ಲ. ಎಲೆ ನಿನ್ನ ಹಿತ್ತಲದ್ದೇ ಇರಲಿ, ಸಗಣಿ ನೀರಲ್ಲಿ ಕೈ ತೊಳೆದು ಕೊಯ್ಯಿ. ಅಡಿಗೆ ನೀನೇ ಮಾಡು. ಬಾಳೆಕಾಯಿ ಮಾತ್ರ ಸೊಪ್ಪಿನವಳೇ ತರಲಿ."

"ಎಲೆಗಿಲ್ಲದ ಮೈಲಿಗೆ ಕಾಯಿಗ್ಯಾಕಮ್ಮ?"

"ನಾನು ಹೇಳ್ದೆ ಅದಕ್ಕೆ," ಅಂದು ಬಾಗಿಲು ಹಾಕಿಕೊಂಡರು.

ಅರ್ಧ ನ್ಯಾಯ. ನನ್ನ ಗಿಡದಲ್ಲಿ ಬಲಿತು ನಿಂತ ಕಾಯಿ ಬಿಟ್ಟು ಕಾಸು ಕೊಟ್ಟು ತರಿಸುವುದು ನನ್ನ ಕಣ್ಣಿಗೆ ಈಗಲೂ ಚುಚ್ಚುತ್ತದೆ. ಆದರೂ ಒಲೆ ಉಳಿಯಿತು. ದೇವರು ಕೊಡುವಾಗ ಕೆಲವು ಸಲ ಹೀಗೆ ಅಳೆದು ಕೊಡುತ್ತಾನೆ. ಕೊಟ್ಟಿದ್ದನ್ನು ಕಣ್ಣಿಗೊತ್ತಿಕೊಂಡು ಇಟ್ಟುಕೊಳ್ಳಬೇಕು, ಮಿಕ್ಕಿದ್ದನ್ನು ಮರೆಯಬೇಕಾಗಿಲ್ಲ.

ಓರಗಿತ್ತಿ ಇನ್ನೂ ಅಲ್ಲೇ ಇದ್ದಳು. ಸೆರಗು ಮೂಗಿನಿಂದ ಕೆಳಗಿಳಿದಿತ್ತು.

"ಮಾಡು, ಮಾಡು. ನೀನು ಮಾಡಿದ್ದರಲ್ಲಿ ನಾನೊಂದು ಅಗುಳೂ ಮುಟ್ಟಲ್ಲ."

"ಮಾವನವರ ಪ್ರಸಾದ ಬೇಡ ಅಂತ ಹೇಳ್ತಿರೋರು ನೀವು ಅಕ್ಕ. ಕೇಳಿಸ್ಕೊಂಡೋಳು ನಾನು."

"ಕೇಳಿಸ್ಕೋ. ಊರಿಗೆಲ್ಲ ಡಂಗುರ ಹೊಡಿ."

"ಆ ಕೆಲಸ ನಿಮಗೇ ಬಿಟ್ಟಿದೀನಿ."

ಆಕೆ ಕಾಲುವೆಯ ಕೊನೆಯ ಹೆಂಚನ್ನು ಕಾಲಲ್ಲಿ ಒದ್ದು ಹೋದಳು. ಹೆಂಚು ಎರಡು ಹೋಳಾಯಿತು. ಆಕೆಯ ಬೆರಳಿಗೂ ಪೆಟ್ಟಾಗಿರಬೇಕು, ಮೆಟ್ಟಿಲು ಹತ್ತುವಾಗ ಕುಂಟುತ್ತಿದ್ದಳು. ಹೋಳುಗಳನ್ನು ಆರಿಸಿ ಮುಂದೆ ಗುಂಡಿಯ ತಳಕ್ಕಾಗಲೆಂದು ಎತ್ತಿಟ್ಟು, ಗೋಡೆ ಬದಿಯಿಂದ ಬೇರೆ ಹೆಂಚು ತಂದು ಕೂರಿಸಿದೆ. ಒಂದು ಚೊಂಬು ನೀರು ಸುರಿದು ನೋಡಿದೆ. ನೀರು ನಿಲ್ಲದೆ ಬಾಳೆಯ ಪಾತಿಗೆ ಹೋಯಿತು.

ಕೈಕಾಲು ತೊಳೆದು ಒಳಗೆ ಬಂದೆ. ತಿಥಿಯ ಎಳ್ಳುಂಡೆಗೆ ಎಳ್ಳು ಇನ್ನೂ ಹಾಗೇ ಇತ್ತು. ಮೊರಕ್ಕೆ ಸುರಿದುಕೊಂಡು, ಕಿಟಕಿಯ ಬೆಳಕಿಗೆ ಕೂತು, ಕಲ್ಲು ಆರಿಸತೊಡಗಿದೆ.