ಅಣ್ಣ ಕೊಟ್ಟ ನಾಲ್ಕು ಪಂಕಾ

ನಾ ಸಿಟ್ಟು ಇಟ್ಕೊಳ್ಳಾಕಿ, ಮೊದಲ ಹೇಳಿಬಿಡ್ತೀನಿ. ನಾಕ ಮಂದಿ ಮುಂದ ಯಾರರ ನನ್ನ ಮಾನ ತಗದ್ರ, ನಕ್ಕೋಂತ ಅವರಿಗೆ ಚಾ ಕೊಡ್ತೀನಿ, ಖರೆ ಮರಿಯಂಗಿಲ್ಲ.

ವಿಜಯಪುರದ ಸಿದ್ಧೇಶ್ವರ ಗುಡಿ ಹಿಂದಿನ ಓಣ್ಯಾಗ ನಂದೊಂದು ಫೋಟೋ ಸ್ಟುಡಿಯೋ ಐತಿ. ನಮ್ಮ ದೊಡ್ಡಪ್ಪನ ಮಗಂದೂ ಅದ ಧಂದೆ, ಬಬಲೇಶ್ವರದಾಗ. ಇಬ್ಬರ ಹಂತ್ಯಾಕೂ ಒಂದ ನಮೂನಿ ಡ್ರೋನು. ಹ್ವಾದ ವರ್ಷ ಬ್ಯಾಸಗ್ಯಾಗ ನನ್ನ ಡ್ರೋನಿನ ಪಂಕಾ ಸೀಳಿದ್ವು. ಮರುದಿನ ಬಬಲೇಶ್ವರದಾಗ ಮದುವಿ ಕೆಲಸ ಇತ್ತು. ಅಣ್ಣ ತನ್ನ ಹಂತ್ಯಾಕಿದ್ದ ಹೊಸಾ ನಾಲ್ಕು ಕೊಟ್ಟ.

"ತಗೋ ತಂಗಿ, ಇವು ಭಾರಿ ಪವರ್ ಅದಾವು. ಬಾಣ ಬಿಟ್ಟಂಗ ಹೋಗ್ತಾವು."

ಹೌದು, ಬಾಣದಂಗ ಹೋತು. ಮಟಮಟ ಮಧ್ಯಾಹ್ನದ ಮುಹೂರ್ತ. ಹಂದರದ ಮ್ಯಾಲ ಡ್ರೋನ್ ನಿಲ್ಲಿಸಿ, ಅಕ್ಕಿಕಾಳು ಬೀಳೋದನ್ನ ಕಾಯಾಕತ್ತಿದ್ದೆ. ಅರ್ಧ ಇದ್ದ ಬ್ಯಾಟರಿ ನೋಡನೋಡುದ್ರಾಗ ತಳ ಕಂಡಿತು. ಡ್ರೋನ್ ತಾನ ಕೆಳಗ ಇಳಿಯಾಕ ಹತ್ತಿತು. ನಾ ಎಷ್ಟ ಮ್ಯಾಲ ಎತ್ತಿದ್ರೂ ಕೇಳವಲ್ದು. ಹೋಗಿ ಹಂದರದ ಬಟ್ಟಿ ಮ್ಯಾಲ ಕುಂತು, ಬಟ್ಟೀನ ಸುತಗೊಂಡಬಿಟ್ಟಿತು. ಕೆಳಗ ಅಕ್ಕಿಕಾಳು ಬಿದ್ದೇಬಿಟ್ಟವು. ಇನ್ನೊಮ್ಮೆ ಹಾಕ್ರಿ ಅಂತ ಕೇಳಾಕ ಬರತೈತೇನ್ರಿ?

ಅಣ್ಣ ಅಲ್ಲೇ ಊಟಕ್ಕ ಬಂದಿದ್ದ. ಮದುವಿ ಹುಡುಗಿ ಅಪ್ಪನ ಮುಂದ ನಿಂತು, "ಹೆಣ್ಮಕ್ಕಳ ಕೈಯಾಗ ಇಂಥಾವು ಕೊಟ್ರ ಹಿಂಗ ನೋಡ್ರಿ" ಅಂದು ಹೊಟ್ಟಿ ಹಿಡಕೊಂಡು ನಕ್ಕ. ಎಲ್ಲಾರೂ ನಕ್ಕರು. ಆ ಸೀಜನ್ ಪೂರ್ತಿ ನನಗ ಬರೇ ಫೋಟೋಕ್ಕ ಕರದ್ರು. ಡ್ರೋನಿನ ಕೆಲಸ ಒಂದೂ ಬರಲಿಲ್ಲ, ಎಲ್ಲಾ ಅವನ ಕಡೆ ಹೋದ್ವು.

ಬ್ಯಾರೆ ಯಾರೂ ತೋಚಲಿಲ್ಲಂತ, ಬಾವಿ ಪಂಪಿನ ಮೋಟಾರು ಕಟ್ಟೋ ವೈಂಡಿಂಗ್ ಮಿಸ್ತ್ರಿ ಕಡೆ ಡ್ರೋನು, ಸೀಳಿದ ಹಳೇ ಪಂಕಾ ಎರಡೂ ಒಯ್ದೆ. ಅಂವ ಮೋಟಾರು ಮೂಗಿಗೆ ಹಿಡದು ನೋಡಿದ. "ತಂಗೆವ್ವಾ, ಇದು ಹೊರಲಾರದ ಭಾರ ಹೊತ್ತೈತಿ. ಪಂಕಾ ಬದಲಿ ಮಾಡೀರೇನು?" ಅಂದು ಹಳೇದು, ಹೊಸಾದು ಎರಡೂ ಜೋಡಿಸಿ, ದೊಡ್ಡದಾಗಿ ಕಾಣೋ ಭಿಂಗದ ಕಾಜಿನ್ಯಾಗ ತೋರಿಸಿದ. ಅಗಲ ಒಂದ, ಬಣ್ಣ ಒಂದ. ಬುಡದಾಗ ಇರುವಿ ಗಾತ್ರದ ನಂಬರು. ಹಳೇದರ ಮ್ಯಾಲ 9450, ಅಣ್ಣ ಕೊಟ್ಟದ್ದರ ಮ್ಯಾಲ 9470.

ಮನಿಗೆ ಬಂದು ಕುಂತು ಓದಿ ತಿಳಕೊಂಡೆ. ಮೊದಲಿನ ಎರಡು ಅಂಕಿ ಅಗಲ, ಒಂಬತ್ತು ಪಾಯಿಂಟ್ ನಾಕ ಇಂಚು. ಕಡೀ ಎರಡು ಪಿಚ್ಚು, 50 ಅಂದ್ರ ಐದು ಇಂಚು, 70 ಅಂದ್ರ ಏಳು. ಸ್ಕ್ರೂ ಒಂದ ಸುತ್ತು ತಿರುವಿದ್ರ ಕಟ್ಟಿಗಿಯೊಳಗ ಎಷ್ಟು ಇಳೀತೈತಿ? ಹಂಗ ಪಂಕಾ ಒಂದ ಸುತ್ತಿಗೆ ಗಾಳಿಯೊಳಗ ಎಷ್ಟು ಮುಂದ ಹೋಗಬೇಕು ಅನ್ನೋ ಲೆಕ್ಕ ಅದು. ಐದು ಇಂಚಿಗೆ ಮಾಡಿದ ಮೋಟಾರಿಗೆ ಏಳು ಇಂಚಿಂದು ಹಾಕಿದ್ರ ಓಡೂದೇನೋ ಜೋರ ಓಡತೈತಿ, ಆದ್ರ ಒಂದ ಕಡೆ ನಿಲ್ಲೂದರಾಗ ಮೋಟಾರು ಕಾಯ್ತೈತಿ, ಬ್ಯಾಟರಿ ಸೋರಿಹೋಗ್ತೈತಿ. ಬಿಸಲಾಗಂತೂ ಕೇಳಬ್ಯಾಡ್ರಿ.

ಬೇಕಂತ ಮಾಡ್ಯಾನ ಅಂತ ನನಗ ಖಾತ್ರಿ ಆತು. ಆ ನಾಲ್ಕೂ ಒರಸಿ, ಕಾಗದದಾಗ ಸುತ್ತಿ ಡ್ರಾವರಿನ್ಯಾಗ ಇಟ್ಟೆ. ದಿನಾ ಡ್ರಾವರ ತಗದಾಗೊಮ್ಮೆ ಅಣ್ಣಗ ಬೈತಿದ್ದೆ. ಬಾ ಮಗನ, ಒಂದಿನ ಬರ್ತಿ.

ಬಂದ. ಈ ವರ್ಷ ಟಿಕೋಟಾದಾಗ ಒಣದ್ರಾಕ್ಷಿ ಮಾಡೋ ದೊಡ್ಡ ಮಾಲಕರ ವಿಡಿಯೋ ಕೆಲಸ ಹಿಡದಿದ್ದ. ಹಿಂದಿನ ದಿನ ದ್ರಾಕ್ಷಿ ಒಣಹಾಕೋ ಶೆಡ್ಡಿನ ಬಲಿಗೆ ಬಡದು ಅವನ ಪಂಕಾ ಮುರದಿದ್ವು. "ತಂಗಿ, ನಾಕ ಪಂಕಾ ಇದ್ರ ಕೊಡ ಬೇ" ಅಂದ.

"ಕೆಳಗ ಮಂದಿ ಇರ್ತಾರೇನು?"

"ಇಲ್ಲವಾ. ಬರೇ ದ್ರಾಕ್ಷಿ ತೋಟದ ಪಡದ ಮ್ಯಾಲ ಹಾರಸೂದು."

ಹೊಸಾ ಪಾಕೀಟು, ಆ ಹಳೇ ಪಾಕೀಟು, ಎರಡೂ ತಗದು ಕೌಂಟರಿನ ಕಾಜಿನ ಮ್ಯಾಲ ಇಟ್ಟೆ. ಅಂವ ಎರಡೂ ಕಡೆಯಿಂದ ಒಂದೊಂದು ಎತ್ತಿ, ಕಣ್ಣು ಸಣ್ಣ ಮಾಡಿ ನೋಡಿದ. "ಈ ನಂಬರ್ ಏನ ಬೇ? ಕಂಪನಿಯವರು ತಮಗಂತ ಹಾಕಿದ್ದೇನು?"

ಅವಗ ಗೊತ್ತಿಲ್ಲ. ಹ್ವಾದ ವರ್ಷನೂ ಗೊತ್ತಿರಲಿಲ್ಲ. ನನಗ ಛಲೋದು ಅಂತ ತಿಳದ ಕೊಟ್ಟಿದ್ದ.

ಆಗ ಹೇಳಿಬಿಡಬಹುದಿತ್ತು, ಎರಡು ಮಾತಿನ ಕೆಲಸ. ಆದ್ರ ನಂಬರ್ ಗೊತ್ತಿರಲಿಲ್ಲ ಅಂದ್ರ ನಗು ಗೊತ್ತಿರಲಿಲ್ಲೇನು? ಆ ನಗು ಇನ್ನೂ ಕಿವ್ಯಾಗಿತ್ತು.

"ಹೂಂ ಅಣ್ಣಾ, ಕಂಪನಿ ನಂಬರು" ಅಂದು, 9470 ಇದ್ದ ಪಾಕೀಟು ಅವನ ಕೈಯಾಗ ಇಟ್ಟೆ. "ಇವು ಭಾರಿ ಪವರ್ ಅದಾವು."

ಮರುದಿನ ಮಧ್ಯಾಹ್ನ ಫೋನ್ ಬಂತು, ಮಾಲಕರದು. ಅಣ್ಣನ ಡ್ರೋನು ದ್ರಾಕ್ಷಿ ಬಳ್ಳ್ಯಾಗ ಬಿದ್ದು ಕ್ಯಾಮೆರಾ ಒಡದಿತ್ತು. ನಾ ಹೋಗಿ ಸಂಜಿಮಟಾ ಹಾರಿಸಿದೆ, ಡ್ರೋನು ಗ್ವಾಡಿಗೆ ಮೊಳಿ ಹೊಡದಂಗ ನಿಂತಿತು. ಮಾಲಕರು, "ನಿಮ್ಮ ಅಣ್ಣಾರಿಗೆ ಬರಂಗಿಲ್ಲ ಬಿಡ್ರಿ" ಅಂದು ನಕ್ಕರು. ನಾನೂ ನಕ್ಕೆ. ಸುಳ್ಳ್ಯಾಕ ಹೇಳ್ಲಿ, ಹೊಟ್ಟಿ ತಣ್ಣಗಾತು.

ಮನಿಗೆ ಹೊಂಡೂ ಮುಂದ, ನನ್ನ ನಂಬರ್ ಯಾರು ಕೊಟ್ರಿ ಅಂತ ಕೇಳಿದೆ.

"ಮತ್ಯಾರು? ನಿಮ್ಮ ಅಣ್ಣಾರೇ. 'ಈ ಕೆಲಸ ನಮ್ಮ ತಂಗಿ ಹಂಗ ಯಾರೂ ಮಾಡಂಗಿಲ್ಲ, ನಾನೇ ಆಕೀಗೆ ಆಡಬಾರದ ಮಾತು ಆಡೀನಿ' ಅಂದ್ರು."

ವಾರದ ಮ್ಯಾಲ ಅಣ್ಣ ಅಂಗಡಿಗೆ ಬಂದ. ಮುರಿಯದ ಉಳದ ಮೂರು ಪಂಕಾ ತೊಳದು, ಒರಸಿ, ಕಾಗದದಾಗ ಸುತ್ತಿ ತಂದಿದ್ದ. "ನಿನ್ನ ಪಂಕಾ ಛಲೋ ಇದ್ವು ಬೇ. ನನ್ನ ಕೈನ ಸರಿ ಇಲ್ಲ. ಡ್ರೋನ್ ಮಾರಿಬಿಟ್ಟೆ" ಅಂದ.

ನಾ ಚಾ ತರಿಸಿದೆ. ಕುಡದ ಹ್ವಾದ. ಆ ಮೂರೂ ಡ್ರಾವರಿನ್ಯಾಗ ಅದಾವು. ಯಾರಿಗೂ ಕೊಡಾಂಗಿಲ್ಲ, ಒಗಿಯಾಕೂ ಆಗವಲ್ದು.