ಮೋರಿಗೊಂದು ಪ್ರಾರ್ಥನೆ

ಮರ್ಫಿ ಟೌನಿನ ನಮ್ಮ ಚರ್ಚಿನ ಪಾಸ್ಟರು ಯಾವ ವಚನದ ಮೇಲೆ ಪ್ರಸಂಗ ಮಾಡಿದರೂ ಕನ್ನಡಕವನ್ನು ಹಣೆಗೇರಿಸಿ, "ಪರಲೋಕ ಆಮೇಲೆ ನೋಡೋಣ, ಮೊದ್ಲು ಮೋರಿ ನೋಡೋಣ," ಎನ್ನುತ್ತಿದ್ದರು. ಹಿಂದಿನ ಗಲ್ಲಿಯ ಮೋರಿ ಕಟ್ಟಿಕೊಂಡು, ಕೊಳಚೆ ಮನೆಗಳಿಗೇ ನುಗ್ಗುತ್ತಿತ್ತು.

ಆ ಸಲದ ಕ್ರಿಸ್‌ಮಸ್ಸಿಗೆ ವಾರ್ಡಿನ ಎಂಜಿನಿಯರ್ ಅತಿಥಿಯಾಗಿ ಬಂದರು. ಪಾಸ್ಟರು ಅವರನ್ನು ಮೊಣಕಾಲೂರಿಸಿ, ತಲೆಯ ಮೇಲೆ ಎರಡೂ ಕೈಯಿಟ್ಟು ಆಶೀರ್ವದಿಸತೊಡಗಿದರು.

"ಕರ್ತನೇ, ಸಾಹೇಬ್ರಿಗೆ ಆಯಸ್ಸು ಕೊಡು, ಪ್ರಮೋಷನ್ ಕೊಡು, ನಮ್ ಮೋರಿ ನೋಡೋ ಕಣ್ಣು ಕೊಡು..."

ಪ್ರಾರ್ಥನೆ ಗಲ್ಲಿಯ ಒಂದೊಂದು ಮನೆಯನ್ನೂ ಹೊಕ್ಕು ಬಂತು. ಕೈ ಮಾತ್ರ ಮೇಲೇಳಲಿಲ್ಲ.

ಕೊನೆಗೆ ಎಂಜಿನಿಯರ್ ನರಳಿದರು. "ಕಾಲು ಜೋಮು ಹಿಡೀತು ಪಾಸ್ಟ್ರೇ. ಸೋಮವಾರ ಇಬ್ರನ್ನ ಮೋರಿಗೆ ಇಳಿಸ್ತೀನಿ."

ಕೈ ಇನ್ನಷ್ಟು ಒತ್ತಿತು. "ಕರ್ತನೇ, ಮನುಷ್ಯರನ್ನ ಇಳಿಸ್ದೆ ಕೊಳಚೆ ಹೀರೋ ಮಿಷನ್ ಕಳಿಸೋ ಬುದ್ಧಿ ಕೊಡು..."

"ಮಿಷನ್ನೇ ಕಳಿಸ್ತೀನಿ!"

ಆಮೆನ್ ಎಂದು ಮೊದಲು ಕೂಗಿದವರು ಹಿಂದಿನ ಬೆಂಚಿನ ಪೌರಕಾರ್ಮಿಕರು. ಸೋಮವಾರ ಮಿಷನ್ ಬಂತು.