ಶಾಹಿದಾಳ ಫೋಲ್ಡರ್

ಕಂಪ್ಯೂಟರಿಗೆ ದೆವ್ವ ಹೊಕ್ಕಿದೆ ಎಂದು ಯಾರಾದರೂ ಅಂದರೆ, ಮೊದಲು ಪ್ಲಗ್ ನೋಡಿ ಎನ್ನುವವಳು ನಾನು. ಬೆಟಗೇರಿಯ ಒಂದು ಪುಟ್ಟ ತರಬೇತಿ ಕೇಂದ್ರದಲ್ಲಿ ಬಹಳ ವರ್ಷ ಪಾಠ ಮಾಡಿದ್ದೇನೆ. ತಪ್ಪು ಯಾವಾಗಲೂ ಮುಂದೆ ಕೂತವರದ್ದು, ಯಂತ್ರದ್ದಲ್ಲ ಎಂದೇ ನಂಬಿದ್ದೆ. ಈಗಲೂ ಬಹುಮಟ್ಟಿಗೆ ಹಾಗೆಯೇ ನಂಬುತ್ತೇನೆ. ಆ ಒಂದು ಶುಕ್ರವಾರದ ಮಧ್ಯಾಹ್ನವನ್ನು ಮಾತ್ರ ಏನೆಂದು ತಿಳಿಯಬೇಕೋ ಗೊತ್ತಾಗಿಲ್ಲ.

ನನ್ನ ಜೊತೆ ಪಾಠ ಮಾಡುತ್ತಿದ್ದ ಶಾಹಿದಾ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅವಳ ತಂದೆ ಹುಸೇನಸಾಬ್ ಚಾಚಾ ನೇಕಾರರು. ಅಪ್ಪನ ಮಗ್ಗಕ್ಕೆಂದೇ ಅವಳೊಂದು ಪ್ರೋಗ್ರಾಂ ಬರೆದಿದ್ದಳು. ಸೀರೆಯ ಅಂಚಿನ ಚಿತ್ರ ಕೊಟ್ಟರೆ, ಮಗ್ಗಕ್ಕೆ ಕಟ್ಟುವ ರಟ್ಟುಗಳಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಅದು ಪಟ್ಟಿ ಕೊಡುತ್ತಿತ್ತು. ಈಗ ಅವಳ ಮಗಳ ನಿಕಾಹ್ ಗೊತ್ತಾಗಿತ್ತು. ತಾಯಿಯಿಲ್ಲದ ಹುಡುಗಿಯ ಸೀರೆಯನ್ನು ತಾವೇ ನೇಯಬೇಕೆಂದು ಚಾಚಾರ ಹಟ. ನೇಯಲು ಹತ್ತು ದಿನ ಬೇಕು, ನಿಕಾಹ್‌ಗೆ ಉಳಿದದ್ದು ಎರಡೇ ವಾರ. ಹೊಸ ಅಂಚು ಅಗಲವಾಗಿದ್ದರಿಂದ ಪ್ರೋಗ್ರಾಂ ತಿದ್ದಿ ಮತ್ತೆ ಬಿಲ್ಡ್ ಮಾಡಬೇಕಿತ್ತು, ಅಂದರೆ ಬರೆದದ್ದನ್ನು ಯಂತ್ರ ಓಡಿಸುವ ರೂಪಕ್ಕೆ ತರಬೇಕಿತ್ತು. ಅರ್ಧ ಗಂಟೆಯ ಕೆಲಸ ಎಂದು ಒಪ್ಪಿಕೊಂಡು, ಕೇಂದ್ರದಲ್ಲಿ ಅವಳು ಬಳಸುತ್ತಿದ್ದ ಕಂಪ್ಯೂಟರಿನ ಮುಂದೆಯೇ ಕೂತೆ.

ಮೂರು ದಿನ ಹಿಡಿಯಿತು. ಬಿಲ್ಡ್ ಮಾಡುವ ಟೂಲಿನ ಹೆಸರನ್ನು ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿಯಲ್ಲಿ ಹೊಡೆದರೆ, ಅಂಥದ್ದೇನೂ ಇಲ್ಲವೆಂದು ಒಮ್ಮೆ ಹೇಳುತ್ತಿತ್ತು. ಇನ್ನೊಮ್ಮೆ ಅರ್ಧಕ್ಕೆ ನಿಂತು ಪುಟಗಟ್ಟಲೆ ಕೆಂಪು ಅಕ್ಷರ ಕಾರುತ್ತಿತ್ತು. ಕಣ್ಣು ಉರಿಯುತ್ತಿತ್ತು, ಬೆನ್ನು ಹಿಡಿದುಕೊಂಡಿತ್ತು. ಹುಡುಕುತ್ತಾ ಹೋದರೆ, ಶಾಹಿದಾಳ ಹೆಸರಿನ ಫೋಲ್ಡರಿನಲ್ಲಿ ಅದೇ ಟೂಲಿನ ಹಳೆಯ ಪ್ರತಿ ಸಿಕ್ಕಿತು. ಎರಡು ಪ್ರತಿಗಳಿಂದಲೇ ಈ ಗೊಂದಲ ಎಂದುಕೊಂಡು, ಗುರುವಾರ ಆ ಫೋಲ್ಡರನ್ನೇ ಅಳಿಸಿದೆ. ಅಳಿಸಿದ್ದು ಹೋಗಿ ಕೂಡುವ ಬುಟ್ಟಿಯನ್ನೂ ಖಾಲಿ ಮಾಡಿದೆ. ಹೊಸ ಪ್ರತಿಯನ್ನು ಹಾಕಿದೆ. ಅದು ಮತ್ತಷ್ಟು ಹಟ ಹಿಡಿಯಿತು.

ಶುಕ್ರವಾರ ನಮಾಜು ಮುಗಿಸಿ ಚಾಚಾ ಬಂದರು.

"ಆತೇನವ್ವಾ?"

"ಇಲ್ರಿ ಚಾಚಾ. ಹಳೇದು ಅಡ್ಡ ಬರಾಕತ್ತಿತ್ತು ಅಂತ ಎಲ್ಲಾ ತಗದ ಹಾಕೀನಿ. ಆದ್ರೂ ಒಲ್ಲೆ ಅಂತೈತಿ."

"ಪೂರಾ ತಗದಿ? ನಾವು ಹಂಗ ಮಾಡಂಗಿಲ್ಲವಾ. ಸೀರಿ ಕೊಯ್ದ ಮ್ಯಾಲೂ ಹಳೀ ಎಳಿ ಗೇಣುದ್ದ ಮಗ್ಗದಾಗ ಬಿಡ್ತೀವಿ. ಹೊಸಾ ಎಳಿ ಅದಕ್ಕ ಕೂಡಸ್ಬೇಕಲ್ಲ."

ಅವರು ಬೈದಿರಲಿಲ್ಲ. ಆದರೂ ನನಗೆ ನಾಚಿಕೆಯಾಯಿತು. ಅಳಿಸಿದ್ದು ಯಾರ ಫೋಲ್ಡರು ಎಂದು ನಾನು ಹೇಳಿರಲಿಲ್ಲ.

ಅವರು ಬೆಂಚಿನ ಮೇಲೆ ಟೊಪ್ಪಿ ತೆಗೆದಿಟ್ಟು ಕುಳಿತರು. ನಾನು ಕಂಪ್ಯೂಟರನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದೆ. ಹೊಸ ಕಿಟಕಿ ತೆರೆದು, ಯಾವ ಆಸೆಯೂ ಇಲ್ಲದೆ ಅದೇ ಕಮಾಂಡ್ ಹೊಡೆದೆ. ಅದು ಓಡಿತು. ಒಂದೂ ತಪ್ಪಿಲ್ಲದೆ ಕೊನೆಯ ಸಾಲಿನವರೆಗೆ ಓಡಿತು. ಪ್ರೋಗ್ರಾಂ ತಯಾರಾಗಿ, ಪಟ್ಟಿಯೂ ಬಂತು. ಓಡಿದ ಪ್ರತಿ ಎಲ್ಲಿದೆ ಎಂದು ತೋರಿಸುವ ಇನ್ನೊಂದು ಕಮಾಂಡನ್ನು ಅಭ್ಯಾಸಬಲದಿಂದ ಹೊಡೆದೆ. ತೆರೆಯ ಮೇಲೆ ಬಂದದ್ದು ಶಾಹಿದಾಳ ಫೋಲ್ಡರಿನ ವಿಳಾಸ.

ಡ್ರೈವ್ ತೆರೆದು ನೋಡಿದೆ. ಆ ಫೋಲ್ಡರು ಇರಲಿಲ್ಲ. ಇಲ್ಲದ ಫೈಲಿನ ವಿಳಾಸವನ್ನು ಆ ಕಮಾಂಡ್ ತೋರಿಸುವುದಿಲ್ಲ. ಇದನ್ನು ವರ್ಷವರ್ಷವೂ ನಾನೇ ಪಾಠ ಮಾಡಿದ್ದೇನೆ.

ಚಾಚಾ ಕಾಯುತ್ತಿದ್ದರು. ಪಟ್ಟಿ ಮುದ್ರಿಸಿ ಕೊಟ್ಟೆ. "ಖುಷಿ ಆತವ್ವಾ," ಎಂದು ಅದನ್ನು ಎರಡೂ ಕೈಯಲ್ಲಿ ಹಿಡಿದು ಹೋದರು. ಸೀರೆ ನಿಕಾಹ್‌ಗೆ ಒಂದು ದಿನ ಮೊದಲೇ ಮಗ್ಗದಿಂದ ಇಳಿಯಿತು.

ಆಮೇಲೆ ಆ ಟೂಲ್ ಆ ಕಂಪ್ಯೂಟರಿನಲ್ಲಿ ಒಮ್ಮೆಯೂ ಓಡಲಿಲ್ಲ. ಹಳೆಯ ವಿಳಾಸ ಎಲ್ಲೋ ಕಂಪ್ಯೂಟರಿನ ನೆನಪಿನಲ್ಲಿ ಉಳಿದಿರುತ್ತದೆ ಎಂದು ಮುಂಡರಗಿಯ ಗೆಳೆಯರೊಬ್ಬರು ಹೇಳಿದರು. ವಿಳಾಸ ಉಳಿಯಬಹುದು, ಮನೆಯೇ ಇಲ್ಲದಿದ್ದರೆ ಬಾಗಿಲು ತೆರೆದವರು ಯಾರು ಎಂದು ಕೇಳಿದೆ.

ಅದಕ್ಕಿಂತ ಹೆಚ್ಚು ಕಾಡುವುದು ಬೇರೆ. ಚಾಚಾ ಹೋದ ಮೇಲೂ ಆ ಕಪ್ಪು ಕಿಟಕಿ ತೆರೆದೇ ಇತ್ತು, ಕರ್ಸರ್ ಮಿಣುಕುತ್ತಾ ಕಾಯುತ್ತಿತ್ತು. ಇನ್ನೊಂದು ಸಾಲು ಬರೆದು, ಶಾಹಿದಾ, ನೀನೇನಾ ಎಂದು ಕೇಳಬಹುದಿತ್ತು. ನನಗೆ ಸಾಕಾಗಿತ್ತು, ಮುಚ್ಚಿ ಮನೆಗೆ ಹೋದೆ.